ಇನ್ನೊಂದ್ಸಲ ಮುನೇಶನ ಕೆಂಪು ಚುಕ್ಕೆ

ಚಿಂತಾಮಣಿಯ ಗ್ಯಾರೇಜುಗಳ ಸಾಲಿನಲ್ಲಿ ನಿಂತು ಮುನೇಶ ಎಲ್ಲಿ ಎಂದು ಕೇಳಿದರೆ ‘ಯಾವ ಮುನೇಶ?’ ಎಂಬ ಪ್ರಶ್ನೆಯೇ ತಿರುಗಿ ಬರುತ್ತದೆ. ‘ಇನ್ನೊಂದ್ಸಲ ಮುನೇಶ’ ಎಂದರೆ ಮಾತ್ರ ನಾಲ್ಕು ಕೈಗಳು ಒಂದೇ ಶೆಡ್ಡಿನ ಕಡೆ ತೋರಿಸುತ್ತವೆ. ಕೆಲಸ ಮುಗಿದ ಗಾಡಿಯನ್ನು ಹಾಗೆಯೇ ಬಿಟ್ಟುಕೊಟ್ಟವನಲ್ಲ ಅವನು. ಗಿರಾಕಿ ಕೀಗಾಗಿ ಕೈ ಚಾಚಿ ನಿಂತಿದ್ದರೂ “ಇರಿ ಸಾರ್, ಇನ್ನೊಂದ್ಸಲ ನೋಡ್ಬಿಡ್ತೀನಿ” ಎಂದು ಮತ್ತೆ ಕೆಳಗೆ ತೂರಿಕೊಳ್ಳುತ್ತಾನೆ. ಮನೆಯಲ್ಲೂ ಅದೇ ಪಾಡು. ಗ್ಯಾಸ್ ಆರಿಸಿದೆಯೇ ಎಂದು ಮೂರು ಸಲ ಎದ್ದು ನೋಡುತ್ತಾನೆ. “ನನ್ನನ್ನ ಮಾತ್ರ ಒಂದೇ ಸಲ ನೋಡಿ ಒಪ್ಕೊಂಡ್ರಲ್ಲ, ಅದು ಹೆಂಗೆ?” ಎಂದು ಶಾಲೆಯಲ್ಲಿ ಟೀಚರ್ ಆಗಿರುವ ಹೆಂಡತಿ ತನುಜ ಕಾಲೆಳೆಯುತ್ತಾಳೆ.

ಈ ಭಯ ಸುಮ್ಮನೆ ಬಂದದ್ದಲ್ಲ. ಅಪ್ಪ ನಲ್ಲಪ್ಪ ಲಾರಿಗಳ ಕಮಾನುಪಟ್ಟಿ ಬಡಿಯುವ ಶೆಡ್ಡಿನಲ್ಲಿ ಸುತ್ತಿಗೆ ಹಿಡಿದೇ ಮುಪ್ಪಾದವನು. ಡಿಪ್ಲೊಮಾ ಮುಗಿಸಿದ ಮಗ ಅದೇ ಶೆಡ್ಡಿಗೆ ಕೆಲಸ ಕಲಿಯಲು ಬಂದ ವರ್ಷ, ಒಂದು ಆಟೋದ ಚಕ್ರದ ನಟ್ಟುಗಳನ್ನು ಬಿಗಿ ಮಾಡಲು ಮರೆತ. ಬಸ್ ಸ್ಟ್ಯಾಂಡಿನ ತಿರುವಿನಲ್ಲಿ ಚಕ್ರ ಕಳಚಿ ಆಟೋ ಮಗುಚಿತು. ಪುಣ್ಯಕ್ಕೆ ಒಳಗೆ ಪ್ರಯಾಣಿಕರು ಯಾರೂ ಇರಲಿಲ್ಲ, ಡ್ರೈವರನ ಮೊಣಕೈ ತರಚಿತಷ್ಟೆ. ಆದರೆ ಆ ಚಕ್ರ ತನ್ನಷ್ಟಕ್ಕೆ ಉರುಳಿಕೊಂಡು ಹೋಗಿ ಹೂವಿನ ಅಂಗಡಿಗೆ ನುಗ್ಗಿದ್ದು ಮುನೇಶನ ಕಣ್ಣಿನಿಂದ ಇವತ್ತಿಗೂ ಹೋಗಿಲ್ಲ. ಅಂದಿನಿಂದ ಅವನದೊಂದು ಕಟ್ಟುಪಾಡು. ಕೊನೆಯ ಬಿಗಿ ಕೊಟ್ಟ ಪ್ರತಿ ನಟ್ಟಿಗೂ ಒಂದು ಚುಕ್ಕೆ ಇಡಬೇಕು. ಮೊದಮೊದಲು ಸೀಮೆಸುಣ್ಣದಲ್ಲಿ ಇಡುತ್ತಿದ್ದ. ಮದುವೆಯಾದ ಮೇಲೆ ತನುಜಳ ಕೆಂಪು ನೇಲ್ ಪಾಲಿಶ್ ಸಿಕ್ಕಿತು. ಚುಕ್ಕೆ ಇದ್ದರೆ ಬಿಗಿಯಾಗಿದೆ, ಇಲ್ಲದಿದ್ದರೆ ಇಲ್ಲ.

ಹೀಗಿರುವಾಗ ಚೈತನ್ಯನ ಕಾರು ಬಂತು. ಚೈತನ್ಯ ಅಂಬಾಜಿದುರ್ಗದ ತಪ್ಪಲಿನವನು, ಬ್ಯಾಂಕಿನಲ್ಲಿ ಕೆಲಸ. ಕಾರು ನೆಲಕ್ಕೆ ಅಂಟಿಕೊಂಡಂತಿದ್ದರೆ ಚೆಂದ ಎಂದು ಎಲ್ಲೋ ಸ್ಪ್ರಿಂಗುಗಳನ್ನೇ ಕತ್ತರಿಸಿ ಹಾಕಿಸಿಕೊಂಡಿದ್ದ. ಚೆಂದವೇನೋ ಆಯಿತು, ಆದರೆ ರಸ್ತೆಯ ಪ್ರತಿ ಹಂಪಿನಲ್ಲೂ ಹೊಟ್ಟೆ ಉಜ್ಜುತ್ತಿತ್ತು, ಕೂತವರ ಸೊಂಟ ಕಳಚುತ್ತಿತ್ತು. ಅವನ ಅಜ್ಜಿ ರಾಮಲಕ್ಷ್ಮಮ್ಮ ಒಂದು ಸಲ ಕೂತು ಬಂದವರು ‘ಈ ತೊಟ್ಟಿಲಿಗೆ ನಾನು ಇನ್ನು ಹತ್ತಲ್ಲ’ ಎಂದು ಬಸ್ಸು ಹಿಡಿಯತೊಡಗಿದರು. ಅಜ್ಜಿಗಾಗಿಯೇ ಅವನು ಕಾಯಿಲ್‌ಓವರ್ ಸೆಟ್ ತರಿಸಿದ್ದ. ಸ್ಪ್ರಿಂಗು, ಶಾಕ್ ಅಬ್ಸಾರ್ಬರು ಒಂದೇ ಕಂಬದಲ್ಲಿ. ಕಂಬದ ಮೈತುಂಬ ಸ್ಕ್ರೂವಿಗಿರುವಂಥ ಸುತ್ತುಮರೆಗಳು. ಅದರ ಬಳೆ ತಿರುಗಿಸಿದಂತೆ ಕಾರನ್ನು ಎತ್ತಲೂಬಹುದು, ಇಳಿಸಲೂಬಹುದು. ಟಯರಿಗೂ ಮಡ್‌ಗಾರ್ಡಿಗೂ ನಡುವೆ ಮೊಮ್ಮಗನಿಗೆ ಒಂದು ಬೆರಳಿನ ಸಂದು ಸಾಕು, ಅಜ್ಜಿಗೆ ಅಂಗೈ ಬೇಕು. ಮುನೇಶ ಎರಡು ಬೆರಳಿಗೆ ರಾಜಿ ಮಾಡಿಸಿದ.

ಶುಕ್ರವಾರ ಬೆಳಿಗ್ಗೆ ಹಿಂದಿನ ಎರಡು ಕಂಬ, ಮುಂದಿನ ಬಲಗಡೆಯದು ಮುಗಿದು ಚಕ್ರ ಹಾಕಿ ಆಗಿತ್ತು. ಉಳಿದದ್ದು ಮುಂದಿನ ಎಡಗಡೆಯದು. ಹೊಸ ಕಂಬ ಕೂರಿಸಿ, ಅದನ್ನು ಚಕ್ರದ ನಡುವಿನ ಗುಂಬಕ್ಕೆ ಹಿಡಿಯುವ ಎರಡು ಬೋಲ್ಟುಗಳಿಗೆ ನಟ್ಟನ್ನು ಬೆರಳಲ್ಲೇ ತಿರುಗಿಸಿ ಬಿಟ್ಟಿದ್ದ. ಅಷ್ಟರಲ್ಲಿ ಚೈತನ್ಯ ಅಜ್ಜಿಯನ್ನು ಕರೆದುಕೊಂಡು ಬಂದ. ಮುನೇಶ ಅವರಿಬ್ಬರನ್ನು ರಸ್ತೆಯ ಎದುರಿನ ಬೆಂಚಿನಲ್ಲಿ ಕೂರಿಸಿ, ಟೀ ಹೇಳಿ ಬರುವಷ್ಟರಲ್ಲಿ ಹತ್ತು ನಿಮಿಷ ಹೋಯಿತು.

“ಏಂ ನಾಯನಾ, ಹತ್ತೂವರೆಗೆ ರಾಹುಕಾಲ ಬರುತ್ತೆ. ನಗರಗೆರೆಯಲ್ಲಿ ಮಗಳು ಕಾಯ್ತಾ ಇರ್ತಾಳೆ. ಅಷ್ಟರೊಳಗೆ ಹೊರಡ್ಬೇಕು ನಾವು” ಎಂದರು ರಾಮಲಕ್ಷ್ಮಮ್ಮ, ತಮ್ಮ ತೆಲುಗು ಬೆರೆತ ಕನ್ನಡದಲ್ಲಿ.

ಗಡಿಯಾರ ಹತ್ತೂ ಇಪ್ಪತ್ತು ತೋರಿಸುತ್ತಿತ್ತು. ಮುನೇಶ ಓಡಿ ಬಂದು ಎಡಗಡೆ ಬಗ್ಗಿ ನೋಡಿದ. ಎರಡೂ ನಟ್ಟುಗಳ ಮೇಲೆ ಕೆಂಪು ಚುಕ್ಕೆ. ಬಿಗಿ ಮಾಡಿಯೇ ಹೋಗಿದ್ದೆನಲ್ಲ ಎಂದುಕೊಂಡ. ಕಂಬಕ್ಕೆ ಕೈ ತಾಗಿಸಿಕೊಂಡೇ ಸರಸರ ಚಕ್ರ ಹಾಕಿ ಜಾಕಿ ಇಳಿಸಿದ. ‘ಇನ್ನೊಂದ್ಸಲ’ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಜ್ಜಿ ಎದ್ದು ನಿಂತಿದ್ದರು.

“ಕೂತ್ಕೋಬಹುದೇನಪ್ಪಾ? ನೀನು ಹೇಳಿದ್ರೆ ಕೂತ್ಕೋತೀನಿ.”

“ಧೈರ್ಯವಾಗಿ ಕೂತ್ಕೊಳ್ಳಿ ಅಜ್ಜಿ. ನನ್ನ ಮಾತು.”

ಹತ್ತು ಇಪ್ಪತ್ತೆಂಟಕ್ಕೆ ಕಾರು ಹೊರಟಿತು. ಅಜ್ಜಿ ಮುಂದೆ, ಎಡಗಡೆ ಕೂತಿದ್ದರು.

ಸಾಮಾನುಗಳನ್ನೆಲ್ಲ ಜೋಡಿಸಿಟ್ಟು ಮುನೇಶ ನಲ್ಲಿಯ ಕೆಳಗೆ ಕೈ ಹಿಡಿದ. ನೀರು ಕೆಂಪಗೆ ಇಳಿಯಿತು. ಎಲ್ಲಿ ಕೊಯ್ದುಕೊಂಡೆ ಎಂದು ಬೆರಳುಗಳನ್ನು ತಿರುಗಿಸಿ ನೋಡಿದ, ಗಾಯವಿಲ್ಲ. ನೇಲ್ ಪಾಲಿಶ್ ನೀರಿಗೆ ಕರಗುವುದಿಲ್ಲ. ಬೆರಳನ್ನು ಮೂಗಿನ ಹತ್ತಿರ ತಂದ. ಕುಂಕುಮದ ವಾಸನೆ.

ಶೆಡ್ಡಿನ ಹಿಂದೆಯೇ ಮನೆ. ತಾಯಿ ಮಂಗಮ್ಮ ಪೂಜೆಯ ತಟ್ಟೆ ತೊಳೆಯುತ್ತಿದ್ದರು. ಶುಕ್ರವಾರ ಬಂತೆಂದರೆ ಸ್ಪ್ಯಾನರು, ಜಾಕಿ, ಏರ್ ಕಂಪ್ರೆಸರು, ಯಾವುದಕ್ಕೂ ಕುಂಕುಮ ತಪ್ಪಿಸಿದವರಲ್ಲ.

“ಅಮ್ಮಾ, ಆ ಕಾರಿಗೆ ಕುಂಕುಮ ಇಟ್ಯಾ?”

“ಇಟ್ಟೆ ಕಣಪ್ಪಾ. ಹೊಸ ಸಾಮಾನು ಅಲ್ವಾ? ಚಕ್ರ ಬಿಚ್ಚಿತ್ತು. ಸ್ಪ್ರಿಂಗಿಗೊಂದು, ಬೋಲ್ಟುಗಳಿಗೊಂದೊಂದು ಇಟ್ಟೆ. ಯಾಕಪ್ಪಾ, ಮುಖ ಹಿಂಗಾಯ್ತು?”

ಮುನೇಶ ಶೆಡ್ಡಿಗೆ ಓಡಿದ. ಚೈತನ್ಯನಿಗೆ ಫೋನ್ ಮಾಡಿದ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದ. ಗಾಡಿ ಓಡಿಸುವಾಗ ಫೋನ್ ಮುಟ್ಟದ ಒಳ್ಳೆಯ ಹುಡುಗ ಅವನು. ಆ ಒಳ್ಳೆಯತನಕ್ಕೆ ಮುನೇಶ ಅವತ್ತು ಬಾಯಿಗೆ ಬಂದದ್ದನ್ನೆಲ್ಲ ಬೈದ. ಸ್ಪ್ಯಾನರು, ಅಳತೆಗೆ ಬಿಗಿಯುವ ಟಾರ್ಕ್ ರೆಂಚು, ನೇಲ್ ಪಾಲಿಶ್ ಶೀಶೆ, ಎಲ್ಲವನ್ನೂ ಒಂದು ಚೀಲಕ್ಕೆ ತುರುಕಿ ಬೈಕು ಹತ್ತಿದ.

ನಗರಗೆರೆಗೆ ಹೋಗುವ ಶಿಡ್ಲಘಟ್ಟದ ರಸ್ತೆಯಲ್ಲಿ ಎಷ್ಟು ಹಂಪುಗಳಿವೆ ಎಂದು ಅವನಿಗೆ ಅವತ್ತು ಗೊತ್ತಾಯಿತು. ಪ್ರತಿ ಹಂಪಿಗೂ ನಟ್ಟು ಒಂದಿಷ್ಟು ಹಿಂದೆ ಬರುತ್ತದೆ. ನಟ್ಟು ಬಿದ್ದರೆ ಬೋಲ್ಟು ಜಾರುತ್ತದೆ, ಬೋಲ್ಟು ಜಾರಿದರೆ ಚಕ್ರ ಒಳಗೆ ಮಡಚಿಕೊಳ್ಳುತ್ತದೆ. ಊರೊಳಗಾದರೆ ಸರಿ. ಚಿಕ್ಕಬಳ್ಳಾಪುರ ದಾಟಿ ಗೌರಿಬಿದನೂರಿನ ಕಡೆಯ ಇಳಿಜಾರಿನಲ್ಲಿ ಆದರೆ? ಎಡಗಡೆಯ ಸೀಟಿನಲ್ಲಿ ಅಜ್ಜಿ ಚೀಲ ಅವುಚಿಕೊಂಡು ಕೂತಿದ್ದು ಕಣ್ಣಿಗೆ ಕಟ್ಟಿತು. ‘ನನ್ನ ಮಾತು’ ಅಂದೆನಲ್ಲ, ನನ್ನ ನಾಲಿಗೆಗಿಷ್ಟು! ಒಂದು ಕಡೆ ಬೈಕು ನಿಲ್ಲಿಸಿ ವಾಂತಿ ಮಾಡಿಕೊಂಡ. ಬಾಯಿ ಒರೆಸಿಕೊಂಡು ಮತ್ತೆ ಹೊರಟ. ಎದುರಿಗೆ ಬಂದ ಟಿಪ್ಪರಿನವನನ್ನು ತಡೆದು, “ಮುಂದೆ ಏನಾದ್ರೂ ಆಕ್ಸಿಡೆಂಟ್ ಆಗಿದ್ಯಾ ಅಣ್ಣಾ?” ಎಂದು ಕೇಳಿದ. ಅವನು ಇವನ ಮುಖ ನೋಡಿ ಇಲ್ಲವೆಂದು ತಲೆಯಾಡಿಸಿ ಹೋದ.

ಶಿಡ್ಲಘಟ್ಟ ಇನ್ನೂ ಸ್ವಲ್ಪ ದೂರವಿತ್ತು. ಹಿಪ್ಪುನೇರಳೆ ತೋಟದ ಪಕ್ಕ ಚೈತನ್ಯನ ನೀಲಿ ಕಾರು ನಿಂತಿತ್ತು. ಮುನೇಶನ ಕೈ ಬ್ರೇಕು ಹಿಡಿಯುವುದನ್ನೂ ಮರೆಯಿತು. ಹತ್ತು ಮಾರು ಮುಂದೆ ಹೋಗಿ ತಿರುಗಿ ಬಂದ. ಹೊಂಗೆ ಮರದ ಕೆಳಗೆ ರಾಮಲಕ್ಷ್ಮಮ್ಮ ಕಾಲು ಚಾಚಿ ಕೂತಿದ್ದರು. ಏನೂ ಆಗಿರಲಿಲ್ಲ.

“ನಿಮ್ಗೇ ಫೋನ್ ಮಾಡೋಣ ಅಂತಿದ್ದೆ ಅಣ್ಣಾ” ಎಂದ ಚೈತನ್ಯ. “ಅಜ್ಜಿ ಕಾಲ ಕೆಳಗೆ ಟಕ್ ಟಕ್ ಅಂತಿದೆ ಅಂದ್ರು. ನಂಗೇನೂ ಕೇಳಿಸ್ಲಿಲ್ಲ.”

“ಹಾಡು ಹಾಕ್ಕೊಂಡ್ರೆ ಎಲ್ಲಿ ಕೇಳಿಸುತ್ತೆ” ಎಂದರು ಅಜ್ಜಿ.

ಮುನೇಶ ಕಾರಿನ ಡಿಕ್ಕಿಯಲ್ಲಿದ್ದ ಜಾಕಿ ಕೊಟ್ಟು ಚಕ್ರ ಬಿಚ್ಚಿದ. ಕೆಳಗಿನ ನಟ್ಟು ಸಡಿಲವಾಗಿ ಅಲ್ಲಾಡುತ್ತಿತ್ತು. ಮೇಲಿನದು ಬೋಲ್ಟಿನ ಕೊನೆಯ ಮರೆಗೆ ಬಂದು ನಿಂತಿತ್ತು. ಬೆರಳು ತಾಗಿಸಿದ್ದಕ್ಕೇ ಕಳಚಿ ಅವನ ಅಂಗೈಗೆ ಬಿತ್ತು. ಅದರ ಮೇಲೆ ಅಳಿಸಿದ ಕುಂಕುಮ ಇನ್ನೂ ಕಾಣುತ್ತಿತ್ತು. ಚೈತನ್ಯನ ಮುಖ ಬಿಳಿಚಿಕೊಂಡಿತು.

ತಾಯಿಯ ಹೆಸರು ಹೇಳಿಬಿಡಬಹುದಿತ್ತು.

“ನಾನು ಬಿಗಿ ಮಾಡಿರ್ಲಿಲ್ಲ ಅಜ್ಜಿ” ಎಂದ. “ನೋಡ್ದೆ ಕಳಿಸ್ಬಿಟ್ಟೆ. ತಪ್ಪು ನಂದೇ.”

ಚೈತನ್ಯ ಏನೋ ಹೇಳಲು ಬಾಯಿ ತೆರೆದ. ಅಜ್ಜಿ ಕೈ ಅಡ್ಡ ಹಿಡಿದರು. ಮುನೇಶ ಎರಡೂ ನಟ್ಟುಗಳನ್ನು ಅಳತೆಗೆ ಬಿಗಿದ, ಕುಂಕುಮ ಒರೆಸಿ ಪಾಲಿಶ್ ಹಚ್ಚಿದ. ಆಮೇಲೆ ಉಳಿದ ಮೂರು ಚಕ್ರಗಳನ್ನೂ ಬಿಚ್ಚಿ ನೋಡಿದ. ಬಿಸಿಲಿನಲ್ಲಿ ಮುಕ್ಕಾಲು ಗಂಟೆ ಹಿಡಿಯಿತು.

“ಈಗ ಸರಿಯಾಗಿದೆ. ಹೊರಡಿ” ಎಂದ. ‘ನನ್ನ ಮಾತು’ ಎನ್ನಲು ನಾಲಿಗೆ ಏಳಲಿಲ್ಲ.

ರಾಮಲಕ್ಷ್ಮಮ್ಮ ಏಳಲಿಲ್ಲ. “ನಾನು ಹಿಂದೆ ಕೂತ್ಕೋತೀನಿ. ನನ್ನ ಜಾಗದಲ್ಲಿ ನೀನು ಕೂತ್ಕೋ. ನಗರಗೆರೆವರೆಗೆ ಬಾ. ನೀನು ಕೂತ್ರೆ ನಾನೂ ಕೂತ್ಕೋತೀನಿ.”

ಬೈಕನ್ನು ತೋಟದವರ ಶೆಡ್ಡಿನಲ್ಲಿ ಬಿಟ್ಟು ಮುನೇಶ ಮುಂದೆ, ಎಡಗಡೆ ಕೂತ. ಅಷ್ಟು ವರ್ಷ ಬೇರೆಯವರ ಗಾಡಿ ಬಿಗಿದವನು ತಾನು ಬಿಗಿದ ಚಕ್ರದ ಮೇಲೆ ಹೀಗೆ ಕೂತಿರಲಿಲ್ಲ. ಚೈತನ್ಯ ಹಾಡು ಹಾಕಲಿಲ್ಲ. ಮೂರೂ ಜನ ಕಿವಿಗೊಟ್ಟು ಕೂತಿದ್ದರು.

ಶಿಡ್ಲಘಟ್ಟ ದಾಟುವಾಗ ಮಂಗಮ್ಮನ ಫೋನು ಬಂತು.

“ಏನಪ್ಪಾ, ಹಂಗೆ ಓಡೋದೆ? ಕಾರು ಚೆನ್ನಾಗಿದೆಯಾ?”

“ಚೆನ್ನಾಗಿದೆಯಮ್ಮಾ.”

“ನೋಡ್ದಾ, ಕುಂಕುಮ ಇಟ್ಟಿದ್ದು ಒಳ್ಳೇದೇ ಆಯ್ತು.”

“ಹೂಂ ಅಮ್ಮಾ” ಎಂದು ಫೋನ್ ಇಟ್ಟ. ಹಿಂದಿನ ಸೀಟಿನಲ್ಲಿ ಅಜ್ಜಿಗೆ ಎಲ್ಲವೂ ಕೇಳಿಸಿತ್ತು. ಅವರು ಮುನೇಶನ ಬೆರಳುಗಳನ್ನೂ, ಉಗುರಿನ ಸಂದಿಯಲ್ಲಿ ಉಳಿದಿದ್ದ ಕೆಂಪನ್ನೂ ಒಂದು ಗಳಿಗೆ ನೋಡಿದರು.

ಎದುರಿಗೆ ಎತ್ತರದ ಹಂಪು ಬಂತು. ಮುನೇಶ ಕಣ್ಣು ಮುಚ್ಚಿದ. ಕಾರು ಮೆಲ್ಲಗೆ ಏರಿ, ಮೆಲ್ಲಗೆ ಇಳಿಯಿತು. ಭುಜದ ಮೇಲೆ ಒಂದು ಮುದಿ ಕೈ ಬಿತ್ತು.

“ಕಣ್ಣು ಬಿಡು ನಾಯನಾ. ದಾಟಿದ್ವಿ.”