ನೊರೆ ಕಳಿಸಲೊಪ್ಪದ ಮೇಡಂ

ಕಳೆದ ವಾರ ಮೂಡುಬಿದಿರೆಯ ನಮ್ಮ ಮನೆಯಲ್ಲಿ ಪಲ್ಯಕ್ಕೆಂದು ಬಟಾಟೆ ಬೇಯಲಿಟ್ಟು ಮರೆತಿದ್ದೆ. ಸಿಪ್ಪೆ ಒಡೆದು, ನೀರು ಗಂಜಿಯ ಹಾಗೆ ದಪ್ಪಗಾಗಿ, ಅದರ ಮಣ್ಣು ಮಣ್ಣು ವಾಸನೆ ಚಾವಡಿಯವರೆಗೆ ಬಂತು. ಒಲೆ ಆರಿಸಲು ಓಡಬೇಕಾದವಳು ಬಾಗಿಲಲ್ಲೇ ನಿಂತುಬಿಟ್ಟೆ. ಬೆಳ್ತಂಗಡಿ ಕಡೆಯ, ನಾನು ಓದಿದ ಸಣ್ಣ ಕಾಲೇಜಿನ ಸಸ್ಯಶಾಸ್ತ್ರ ಲ್ಯಾಬಿಗೆ ಕಾಲಿಟ್ಟರೆ ಇದೇ ವಾಸನೆ ಬರುತ್ತಿತ್ತು...

ಅಲ್ಲಿ ಬಟಾಟೆ ಬೇಯಿಸುತ್ತಿದ್ದವರು ನಮ್ಮ ಮೇಡಂ. ಬೆಂದ ನೀರನ್ನು ಸೋಸಿ, ಸಕ್ಕರೆ ಮತ್ತು ಕಡಲಪಾಚಿಯ ಪುಡಿ ಬೆರೆಸಿ, ಕುಕ್ಕರಿನಲ್ಲಿ ಸೀಟಿ ಹಾಕಿಸಿ ಗಾಜಿನ ತಟ್ಟೆಗಳಿಗೆ ಹೊಯ್ಯುತ್ತಿದ್ದರು. ಅದು ಹೆಪ್ಪುಗಟ್ಟಿದ ಮೇಲೆ ಅದರಲ್ಲಿ ಶಿಲೀಂಧ್ರ, ಅಂದರೆ ಬೂಷ್ಟು, ಬೆಳೆಸುವುದು. ಬೇರೆ ವಿಭಾಗದವರು ಬಾಗಿಲಲ್ಲಿ ಇಣುಕಿ, "ಮೇಡಂ, ಇವತ್ತು ಎಂತ ಸ್ಪೆಷಲ್?" ಎಂದು ನಗುತ್ತಿದ್ದರು. ಮೇಡಂ ಕೂಡ ನಗುತ್ತಿದ್ದರು, ಕೈ ಮಾತ್ರ ನಿಲ್ಲುತ್ತಿರಲಿಲ್ಲ.

ನಾನು ಬಂಟ್ವಾಳ ಪೇಟೆಯ ಟೈಲರೊಬ್ಬರ ಮಗಳು. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ವಿಜ್ಞಾನ ಓದಿದರೆ ಬ್ಯಾಂಕ್ ಪರೀಕ್ಷೆ ಬರೆಯಬಹುದು ಎನ್ನುವಷ್ಟೇ ನನ್ನ ಲೆಕ್ಕಾಚಾರ. ಒಂದು ಮಳೆಗಾಲ ಮೇಡಂ ನಮ್ಮನ್ನು ಘಟ್ಟದ ಬುಡದಿಂದ ಇಳಿದು ನೇತ್ರಾವತಿಗೆ ಸೇರುವ ಹಳ್ಳವೊಂದಕ್ಕೆ ಕರೆದೊಯ್ದರು. ಸೀರೆಯನ್ನು ಮೊಣಕಾಲಿನವರೆಗೆ ಎತ್ತಿಕಟ್ಟಿ, ಬಂಡೆಗಳ ಸಂದಿನಲ್ಲಿ ಸುತ್ತುತ್ತಿದ್ದ ನೊರೆಯನ್ನು ಸೌಟಿನಲ್ಲಿ ಎತ್ತಿ ಬಾಟಲಿಗೆ ಹಾಕಿದರು. ಸಂಜೆ ಅದರ ಒಂದು ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿದರು. ನಾಲ್ಕು ಕಡೆಗೆ ಕಾಲು ಚಾಚಿದ ನಕ್ಷತ್ರಗಳು! ನೀರಿಗೆ ಬಿದ್ದ ಎಲೆಗಳನ್ನು ಕೊಳೆಸುವ ಬೂಷ್ಟಿನ ಬೀಜಕಣಗಳು ಅವು. "ಇವು ಎಲೆಯನ್ನು ಮೆತ್ತಗೆ ಮಾಡಿ ಕೊಟ್ಟರೆ ಹುಳಕ್ಕೆ ಊಟ, ಹುಳ ಇದ್ದರೆ ಮೀನಿಗೆ ಊಟ" ಎಂದರು ಮೇಡಂ. ಬ್ಯಾಂಕ್ ಪರೀಕ್ಷೆ ಅಂದೇ ನನ್ನ ತಲೆಯಿಂದ ಹೋಯಿತು.

ಮೇಡಂ ಬರೆದ ಒಂದು ಚಿಕ್ಕ ಲೇಖನ ಓದಿ ಜರ್ಮನಿಯ ವಿಶ್ವವಿದ್ಯಾಲಯವೊಂದರಿಂದ ಇಬ್ಬರು ಬಂದರು. ಒಬ್ಬರು ನರೆತ ಕೂದಲಿನ ಪ್ರೊಫೆಸರ್, ಹೆಂಗಸು. ಇನ್ನೊಬ್ಬರು ಒಪ್ಪಂದಗಳನ್ನು ನೋಡಿಕೊಳ್ಳುವ ಅಧಿಕಾರಿ. ಪ್ರಾಂಶುಪಾಲರ ಕೋಣೆಯಲ್ಲಿ ಬನ್ಸು, ಚಹಾ. ಪ್ರಾಂಶುಪಾಲರಿಗೆ ಸಂಭ್ರಮವೋ ಸಂಭ್ರಮ. ಬಾಟಲಿ ಹಿಡಿದು ನಿಲ್ಲಲು ಮೇಡಂ ನನ್ನನ್ನೂ ಒಳಗೆ ಕರೆದಿದ್ದರು. ಅಧಿಕಾರಿ ವಿಷಯ ಹೇಳಿದರು. ಮಳೆಗಾಲವಿಡೀ ಕಾಲೇಜು ನೊರೆಯನ್ನು ಕೆಡದಂತೆ ಮಾಡಿ ಕಳಿಸಬೇಕು, ಸಂಶೋಧನೆ ಅಲ್ಲಿ ನಡೆಯುತ್ತದೆ, ಕಾಲೇಜಿನ ಹೆಸರನ್ನು ಲೇಖನದ ಕೊನೆಯ ಕೃತಜ್ಞತೆಯಲ್ಲಿ ಹಾಕುತ್ತಾರೆ.

ಮೇಡಂ ಕಪ್ ಕೆಳಗಿಟ್ಟು ಇಂಗ್ಲಿಷಿನಲ್ಲಿ ಉತ್ತರಿಸಿದರು. ಕೆಡದಂತೆ ಮಾಡುವುದೆಂದರೆ ಬೀಜಕಣವನ್ನು ಸಾಯಿಸುವುದು. ಹಾಗೇ ಕಳಿಸಿದರೆ ದಾರಿಯಲ್ಲೇ ಮೊಳೆತುಹೋಗುತ್ತದೆ. ಆದ್ದರಿಂದ ಕೆಲಸ ಇಲ್ಲಿಯೂ ಆಗಬೇಕು. ನಿಮ್ಮ ವಿದ್ಯಾರ್ಥಿಗಳು ಇಲ್ಲಿಗೆ ಬರಲಿ, ನಮ್ಮವರು ಅಲ್ಲಿಗೆ ಬರಲಿ. ಕೊನೆಗೆ ಅವರಾಡಿದ ಮಾತು ನನಗೆ ಹಾಗೇ ನೆನಪಿದೆ. ಬರೀ ನೊರೆ ಕಳಿಸುವುದಕ್ಕೆ ಕಾಲೇಜು ಯಾಕೆ, ಕೊರಿಯರಿನವರು ಸಾಕಲ್ಲ ಎಂದರು. ಪ್ರೊಫೆಸರ್ ತಲೆ ಎತ್ತಿ ಮೇಡಂ ಅವರನ್ನೇ ನೋಡಿದರು. ಯೋಚಿಸಿ ತಿಳಿಸುತ್ತೇವೆ ಎಂದು ಅಧಿಕಾರಿ ಎದ್ದರು.

ಕಾರು ಗೇಟು ದಾಟುವವರೆಗೆ ಪ್ರಾಂಶುಪಾಲರು ಕೈ ಬೀಸುತ್ತಿದ್ದರು. ಆಮೇಲೆ ತಿರುಗಿ, "ಬಾಗಿಲಿಗೆ ಬಂದವರನ್ನು ಕಳಿಸಿಬಿಟ್ಟಿರಲ್ಲ ಮೇಡಂ! ಇನ್ನು ನಮ್ಮನ್ನು ಯಾರು ಕೇಳ್ತಾರೆ?" ಎಂದರು.

"ಬರ್ತಾರೆ ಸರ್. ಮಳೆ ಬರ್ಲಿ."

ಬಸ್‌ಸ್ಟ್ಯಾಂಡಿನಲ್ಲಿ ನಾನು ಅಳು ತಡೆದುಕೊಂಡು ನಿಂತಿದ್ದೆ. ಮೇಡಂ ಹತ್ತಿರದ ಲಾಯಿಲ ಊರಿನ ತಮ್ಮ ಮನೆಗೆ ಹೊರಟವರು ನನ್ನ ಹತ್ತಿರ ಬಂದು, "ನನಗೂ ಹೆದರಿಕೆ ಉಂಟು ಮಾರಾಯ್ತಿ. ಆದ್ರೆ ಇವತ್ತು ಹ್ಞೂಂ ಅಂದಿದ್ರೆ ನೀನು ಜನ್ಮವಿಡೀ ಬಾಟಲಿ ತುಂಬಿಸಿಕೊಂಡು ಇರ್ಬೇಕಿತ್ತು" ಎಂದರು.

ತಿಂಗಳುಗಳು ಕಳೆದವು. ಉತ್ತರವಿಲ್ಲ. ಸ್ಟಾಫ್‌ರೂಮಿನಲ್ಲಿ ಮೇಡಂ ಒಬ್ಬರೇ ಊಟ ಮಾಡುವುದನ್ನು ನೋಡಿದ್ದೇನೆ...

ಆಟಿ ತಿಂಗಳ ಜಡಿಮಳೆಯ ಒಂದು ಬೆಳಿಗ್ಗೆ ಕಾಲೇಜಿನ ಗೇಟಿನ ಮುಂದೆ ರಿಕ್ಷಾ ನಿಂತಿತು. ಒಂದೇ ಚೀಲ ಹಿಡಿದುಕೊಂಡು ಆ ಪ್ರೊಫೆಸರ್ ಇಳಿದರು. ಜತೆಗೆ ಅಧಿಕಾರಿ ಇರಲಿಲ್ಲ. ಮೇಡಂ ಕ್ಲಾಸು ಬಿಟ್ಟು ಬಂದು, "ಚಹಾ ಆಮೇಲೆ ಕುಡಿಯುವ, ಮೊದಲು ಹಳ್ಳಕ್ಕೆ ಹೋಗುವ" ಎಂದು ನನಗೆ ಹೇಳಿದರು.

ನೊರೆ ತಂದು ಹನಿಯನ್ನು ತಟ್ಟೆಗಳಲ್ಲಿ ಹರಡಿದೆವು. ಪ್ರೊಫೆಸರ್ ಸ್ಟೂಲಿನಲ್ಲಿ ಕುಳಿತವರು ಏಳಲೇ ಇಲ್ಲ. ಸಂಜೆಯ ಹೊತ್ತಿಗೆ ನಕ್ಷತ್ರಗಳ ತುದಿಯಿಂದ ಕೂದಲೆಳೆಯಂಥ ಮೊಳಕೆ ಹೊರಟಿತ್ತು. ಅವುಗಳ ನಡುವೆ ಒಂದರ ಆಕಾರ ಅವರ ಯಾವ ಪುಸ್ತಕದಲ್ಲೂ ಇರಲಿಲ್ಲ. ಕಣ್ಣು ಮೇಲೆತ್ತಿ, ಇದನ್ನು ನಾನು ಅಲ್ಲಿ ಕುಳಿತು ಎಂದೂ ನೋಡುತ್ತಿರಲಿಲ್ಲ ಎಂದರು. ಆ ಮಳೆಗಾಲ ಮುಗಿಯುವವರೆಗೆ ಲಾಯಿಲದಲ್ಲಿ ಮೇಡಂ ಮನೆಯಲ್ಲೇ ಉಳಿದು, ಅರಸಿನ ಎಲೆಯ ಕಡುಬು ತಿಂದು, ಹೊರಡುವ ಮೊದಲು ಪ್ರಾಂಶುಪಾಲರ ಮುಂದೆ ಹೊಸ ಒಪ್ಪಂದದ ಮಾತಾಡಿದರು. ಮೇಡಂ ಕೇಳಿದ್ದೆಲ್ಲ ಅದರಲ್ಲಿತ್ತು. ಪ್ರಾಂಶುಪಾಲರು ಎದ್ದು ಬಂದು ಮೇಡಂ ಅವರ ಎರಡೂ ಕೈ ಹಿಡಿದುಕೊಂಡರು. "ನಾನು ಸೋತೆ ಮೇಡಂ" ಎಂದು ಗಟ್ಟಿಯಾಗಿ ನಕ್ಕರು.

ಜರ್ಮನಿಗೆ ಮೊದಲ ಪ್ರಯಾಣ ಮೇಡಂ ಅವರದು ಮತ್ತು ನನ್ನದು. ಅಪ್ಪ ನನಗೆ ಕೋಟು ಹೊಲಿದರು, ಮೇಡಂ ಅವರಿಗೂ ಒಂದು. ಅಲ್ಲಿನ ಎಲೆ ಉದುರುವ ಕಾಲ, ಕೊರೆಯುವ ಚಳಿ. ಕಾಡಿನ ನಡುವಿನ ಹಳ್ಳಕ್ಕೆ ಮೇಡಂ ಸೀರೆಯ ಮೇಲೆ ಕೋಟು, ಕಾಲಿಗೆ ರಬ್ಬರ್ ಬೂಟು ಹಾಕಿಕೊಂಡು ಇಳಿದೇಬಿಟ್ಟರು. ಮರಳಿ ಲ್ಯಾಬಿನಲ್ಲಿ ಹನಿಯನ್ನು ನೋಡಿದವರು ಒಮ್ಮೆಲೇ ನನ್ನ ರಟ್ಟೆ ಹಿಡಿದೆಳೆದು, "ನಮ್ಮ ಹಳ್ಳದಲ್ಲಿ ನಾಲ್ಕು ಕಾಲಿನ ನಕ್ಷತ್ರ ಉಂಟಲ್ಲ, ಅದೇ! ಅದೇ ಮಾರಾಯ್ತಿ!" ಎಂದು ಕೂಗಿದರು. ಸುತ್ತಲಿದ್ದ ವಿದ್ಯಾರ್ಥಿಗಳು ಅರ್ಥವಾಗದಿದ್ದರೂ ಚಪ್ಪಾಳೆ ತಟ್ಟಿದರು. ಮಾರನೆಯ ದಿನ ತುಂಬಿದ ಸಭೆಯಲ್ಲಿ ಮೇಡಂ ಮಾತಾಡಿದರು. ಪರದೆಯ ಮೇಲೆ ನಮ್ಮ ಕಾಲೇಜಿನ ಹೆಸರು, ಅದರ ಕೆಳಗೆ ಅವರದು, ಕೆಳಗೆ ನನ್ನದೂ... ಟೈಲರಂಗಡಿಯ ಅಪ್ಪನಿಗೆ ಅದನ್ನು ತೋರಿಸಲೆಂದು ಫೋಟೋ ತೆಗೆದುಕೊಂಡೆ.

ಮೇಡಂ ನಿವೃತ್ತರಾಗುವಷ್ಟರಲ್ಲಿ ಹಳೆಯ ಲ್ಯಾಬಿನ ಜಾಗದಲ್ಲಿ ಹೊಸದು ಎದ್ದಿತ್ತು. ಕೊಕ್ಕಡದ ಕಡೆಯಿಂದ ಬಂದ ಹುಡುಗಿಯರು ಜರ್ಮನಿಗೆ ಹೋಗಿ ಡಾಕ್ಟರೇಟ್ ಮಾಡಿ ಬಂದರು. ನಾನೂ ಮಾಡಿದೆ. ಈಗ ಆ ಲ್ಯಾಬಿನ ಹೊಣೆ ನನ್ನದು.

ಹೋದ ಚಳಿಗಾಲದಲ್ಲಿ ಮೇಡಂ ತೀರಿಕೊಂಡರು. ಲಾಯಿಲದ ಅಂಗಳದಲ್ಲಿ ಅವರ ವಿದ್ಯಾರ್ಥಿಗಳೇ ತುಂಬಿದ್ದರು, ಅಳುವುದರ ನಡುವೆ ಅವರ ಮಾತುಗಳನ್ನು ನೆನೆದು ನಗುವವರೂ ಇದ್ದರು.

ಈ ಮಳೆಗಾಲ ಜರ್ಮನಿಯಿಂದ ಬಂದ ಮಕ್ಕಳನ್ನೂ ಇಲ್ಲಿಯವರನ್ನೂ ಒಟ್ಟಿಗೆ ಹಳ್ಳಕ್ಕೆ ಕರೆದುಕೊಂಡು ಹೋಗಿದ್ದೆ. ಒಬ್ಬ ಜಾರಿ ಬಿದ್ದ, ಉಳಿದವರು ನಕ್ಕು ನಕ್ಕು ಒಬ್ಬರ ಮೇಲೊಬ್ಬರು ನೀರೆರಚತೊಡಗಿದರು. ಹಿಂದೆ ಮೇಡಂ ಗದರಿಸುತ್ತಿದ್ದ ಹಾಗೆ ಯಾರಾದರೂ ಗದರಿಸಲಿ ಎಂದು ಕಾಯುತ್ತ ನಿಂತೆ. ಯಾರೂ ಗದರಿಸಲಿಲ್ಲ. ಎಲ್ಲರೂ ನೀರೆರಚುವುದನ್ನು ನಿಲ್ಲಿಸಿ ನನ್ನ ಮುಖವನ್ನೇ ನೋಡುತ್ತಿದ್ದರು.