ಆಂಟಿ ಫ್ರಿಜ್ ಹಚ್ಚಿದ ತಲೆ

ಮೊನ್ನೆ ಗದಗಿನ ಒಂದು ದೊಡ್ಡ ಅಂಗಡಿಯಲ್ಲಿ ಕೂದಲಿಗೆ ಹಚ್ಚುವ ಬಾಟಲಿಗಳ ಮುಂದೆ ನಿಂತಿದ್ದೆ. ನೆಲದಿಂದ ನನ್ನ ತಲೆಯ ಮೇಲಿನವರೆಗೆ ಬರೀ ಬಾಟಲಿ. ಸೀರಮ್ಮು, ಜೆಲ್ಲು, ಕ್ರೀಮು, ಸ್ಪ್ರೇ. ಅಂಗಡಿಯ ಹುಡುಗಿ ನನ್ನ ತಲೆಯನ್ನೊಮ್ಮೆ ನೋಡಿ, ನಗು ನುಂಗಿಕೊಂಡು ಕೇಳಿದಳು: “ಮೇಡಮ್ಮರ, ನಿಮಗ ಶೈನಿಂಗ್ ಬೇಕೋ, ಫ್ರಿಜ್ ಕಂಟ್ರೋಲ್ ಬೇಕೋ?”

“ಎರಡೂ ಬ್ಯಾಡವಾ. ಹಣಿಗಿ ಎಲ್ಲಿ ಅದಾವ ತೋರಸು,” ಎಂದೆ.

ಅವಳಿಗೆ ನನ್ನ ದನಿ ಒರಟಾಗಿ ಕೇಳಿಸಿರಬೇಕು. ಕೇಳಿಸಲಿ. ಆ ಬಾಟಲಿಗಳ ಮೇಲೆ, ಅವುಗಳನ್ನು ಮಾಡುವವರ ಮೇಲೆ, ಮಾರುವವರ ಮೇಲೆ, ಅವುಗಳ ಮುಂದೆ ಬಾಯಿ ಬಿಟ್ಟುಕೊಂಡು ನಿಲ್ಲುವವರ ಮೇಲೆ ನನಗಿರುವ ತಿರಸ್ಕಾರ ಇಂದು ನಿನ್ನೆಯದಲ್ಲ. ಅದಕ್ಕೆ ಹತ್ತಿರ ಹತ್ತಿರ ನಮ್ಮ ಜಿಲ್ಲೆಯಷ್ಟೇ ವಯಸ್ಸಾಗಿದೆ.

ಗದಗ ಧಾರವಾಡದಿಂದ ಬಿಡಿಸಿಕೊಂಡು ತಾನೇ ಒಂದು ಜಿಲ್ಲೆಯಾದ ಹೊಸದರಲ್ಲಿ ನಾನು ಡಿಗ್ರಿ ಓದಲೆಂದು ಲಕ್ಷ್ಮೇಶ್ವರದಿಂದ ಬಂದು ಬೆಟಗೇರಿಯ ಸೋದರಮಾವನ ಮನೆಯಲ್ಲಿದ್ದೆ. ಹೊಸ ಜಿಲ್ಲೆ ಎಂದರೆ ಜನ ಏನೇನೋ ಕನಸು ಕಂಡಿದ್ದರು. ಮೊದಲು ಬಂದದ್ದು ಬೋರ್ಡುಗಳು. ನಿನ್ನೆಯವರೆಗೆ ‘ತಾಲೂಕು’ ಎಂದಿದ್ದ ಕಡೆ ‘ಜಿಲ್ಲಾ’ ಎಂದು ಬರೆಸಿದರು, ಹಳೆಯ ಕುರ್ಚಿಗಳ ಬೆನ್ನಿಗೆ ಹೊಸ ಟವೆಲು ಹೊದಿಸಿದರು. ಊರಿಗೆ ಊರೇ ಒಂದು ಗೇಣು ಎತ್ತರವಾದಂತೆ ನಡೆದಾಡತೊಡಗಿತು. ಊರಿನವರನ್ನು ನೋಡಿ ನಗುತ್ತಿದ್ದ ನಾನೂ ಅವರಂತೆಯೇ ಕನ್ನಡಿಯ ಮುಂದೆ ನಿಂತಿದ್ದೆ.

ನನ್ನ ಕೂದಲು ಅವ್ವನಿಂದ ಬಂದದ್ದು. ದಪ್ಪ, ಒರಟು, ಗುಂಗುರೂ ಅಲ್ಲ, ನೆಟ್ಟಗೂ ಅಲ್ಲ. ಒಂದೊಂದು ಎಳೆಯೂ ಒಂದೊಂದು ಊರಿಗೆ ಹೊರಟು ನಿಂತ ಹಾಗೆ. ಮೇಲಾಗಿ ನೆತ್ತಿಯಲ್ಲಿ ಎರಡು ಸುಳಿ. ಲಕ್ಷ್ಮೇಶ್ವರದಲ್ಲಿದ್ದಾಗ ದಿನಾ ಬೆಳಿಗ್ಗೆ ಅವ್ವ ನನ್ನನ್ನು ಎರಡು ಮೊಣಕಾಲುಗಳ ನಡುವೆ ಕೂರಿಸಿಕೊಂಡು, ಅಂಗೈ ತುಂಬ ಔಡಲೆಣ್ಣೆ ಸುರಿದು ತಿಕ್ಕಿ, ಹುಬ್ಬು ಮೇಲೇರುವಷ್ಟು ಬಿಗಿಯಾಗಿ ಹೆರಳು ಹಾಕುತ್ತಿದ್ದಳು. “ಒಂದ ಸುಳಿ ಆ ಕಡಿ ಜಗ್ಗತೈತಿ, ಒಂದ ಈ ಕಡಿ ಜಗ್ಗತೈತಿ. ನಡುವ ನಾ ಸಾಯಬೇಕು,” ಎಂದು ಗೊಣಗುತ್ತಿದ್ದಳು. ಬೈತಲೆ ತೆಗೆಯುವಾಗ ಮಾತ್ರ ಹಣಿಗೆಯ ತುದಿಯನ್ನು ಆ ಎರಡು ಸುಳಿಗಳ ನಡುವೆ ಮೆತ್ತಗೆ ಹಾಯಿಸುತ್ತಿದ್ದಳು. ಅವಳ ಸ್ವಂತ ತಲೆಯನ್ನು ನಾನು ಸರಿಯಾಗಿ ನೋಡಿದ್ದು ಕಡಿಮೆ. ಸದಾ ಸೆರಗು. ಮನೆಯಲ್ಲಿ ಹಿರಿಯರಿದ್ದರು, ಓಣಿಯಲ್ಲಿ ಹಿರಿಯರಿದ್ದರು, ಯಾರೂ ಇಲ್ಲದಾಗ ರೂಢಿ ಇತ್ತು.

ಗದಗಿಗೆ ಬಂದಾಗ ನನಗೆ ಬೇಕಾಗಿದ್ದದ್ದು ಡಿಗ್ರಿ ಅಲ್ಲ. ಒಂದು ದಿನ, ಒಂದೇ ಒಂದು ದಿನ, ಕೂದಲು ಬಿಟ್ಟುಕೊಂಡು ಬೆಟಗೇರಿಯಿಂದ ಕಾಲೇಜಿನ ಗೇಟಿನವರೆಗೆ ಹೋಗಬೇಕು, ಯಾರೂ ನಗಬಾರದು. ಅಷ್ಟೇ. ಮಾವನ ಮಗಳು ಅದನ್ನು ದಿನಾ ಮಾಡುತ್ತಿದ್ದಳು, ಅದೂ ಏನೂ ಕಷ್ಟಪಡದೆ. ಬೋರ್‌ವೆಲ್ಲಿನ ಸವಳು ನೀರಲ್ಲಿ ತೊಳೆದರೂ ಅವಳ ಕೂದಲು ಜುಳುಜುಳು ಬೆನ್ನ ಮೇಲೆ ಇಳಿಯುತ್ತಿತ್ತು. ಮಾತಿಗೊಮ್ಮೆ ಕತ್ತು ಕೊಡವಿ ಅದನ್ನು ಹಿಂದಕ್ಕೆ ಹಾಕುತ್ತಿದ್ದ ಅವಳ ರೀತಿ ನನಗೆ ಇವತ್ತಿಗೂ ಸಹಿಸಲಾಗದು. ಒಳ್ಳೆಯ ಹುಡುಗಿ, ಆದರೆ ತಲೆಯ ಹೊರಗೆ ಇದ್ದಷ್ಟು ಒಳಗೆ ಇರಲಿಲ್ಲ.

ಹೊಸ ಜಿಲ್ಲೆಯ ಜೊತೆ ಸಾಹೇಬರುಗಳು ಬಂದರು, ಅವರ ಹಿಂದೆ ಅವರ ಹೆಂಡಂದಿರು ಬಂದರು. ಅಂಥ ಒಬ್ಬಾಕೆ ಸ್ಟೇಷನ್ ರಸ್ತೆಯಲ್ಲಿ ಬ್ಯೂಟಿ ಪಾರ್ಲರ್ ತೆರೆದಳು. ಬೆಂಗಳೂರಿನ ಕಡೆಯವಳು. ನಮ್ಮ ಮಾತು ಕಿವಿಗೆ ಬಿದ್ದಾಗಲೆಲ್ಲ ಅವಳ ಮೂಗಿನ ತುದಿ ಒಂದಿಷ್ಟು ಮೇಲೇಳುತ್ತಿತ್ತು. ಮಾವನ ಮಗಳ ಜೊತೆ ನಾನು ಮೊದಲ ಸಲ ಅಲ್ಲಿಗೆ ಹೋದಾಗ ಆಕೆ ನನ್ನ ಹೆಸರನ್ನೂ ಕೇಳಲಿಲ್ಲ.

“ಅಯ್ಯೋ, ತುಂಬಾ ಫ್ರಿಜ್ ಇದೆಯಲ್ಲಮ್ಮ ನಿಂಗೆ!” ಎಂದಳು.

“ಇಲ್ಲರಿ, ನಮ್ಮ ಮನ್ಯಾಗ ಫ್ರಿಜ್ ಇಲ್ಲರಿ. ಮಾಮಾರ ಮನ್ಯಾಗೂ ಇಲ್ಲ,” ಎಂದೆ ನಾನು.

ಒಳಗೆ ಕೂತಿದ್ದವರೆಲ್ಲ ನಕ್ಕರು. ಮಾವನ ಮಗಳೂ ನಕ್ಕಳು, ಅವಳಿಗೂ ಏನೂ ತಿಳಿದಿರಲಿಲ್ಲ. ಕೂದಲು ಕೆದರಿ ನಿಲ್ಲುವುದಕ್ಕೆ ಇಂಗ್ಲಿಷಿನಲ್ಲಿ ಆ ಹೆಸರಿದೆ, ಅದನ್ನು ಅಡಗಿಸಲು ‘ಆಂಟಿ ಫ್ರಿಜ್’ ಎಂಬ ಬಾಟಲಿ ಇದೆ ಎಂದು ನಾನು ಕಲಿತದ್ದು ಹೀಗೆ, ನಾಲ್ಕು ಜನರ ನಗುವಿನ ನಡುವೆ.

ಆ ಹೆಸರು ನಮ್ಮೂರ ಬಾಯಿಗೆ ಬಿದ್ದು ಪಟ್ಟ ಪಾಡನ್ನೂ ಹೇಳಬೇಕು. ಕಾಲೇಜಿನ ಹುಡುಗಿಯರು, ಅದು ಆಂಟಿಯರು ಹಚ್ಚಿಕೊಳ್ಳುವುದು, ನಮಗಲ್ಲ ಎಂದುಕೊಂಡರು. ಬಜಾರದ ಫ್ಯಾನ್ಸಿ ಸ್ಟೋರಿನ ಚಾಚಾ, ಅಜ್ಜನ ಕಾಲದಿಂದ ಬಳೆ ಮಾರುತ್ತ ಬಂದ ಮನೆತನದವರು, ಆ ಬಾಟಲಿಗಳನ್ನು ತರಿಸಿ ಪಕ್ಕದ ಥಂಡಾ ಅಂಗಡಿಯ ಫ್ರಿಜ್ಜಿನಲ್ಲಿ ಸೋಡಾಗಳ ಮಗ್ಗುಲಿಗೆ ಇಡಿಸಿದ್ದರು.

“ಚಾಚಾ, ಇದನ್ನ ಯಾಕ ಥಂಡಾ ಮಾಡೀರಿ?”

“ಬಾಟ್ಲಿ ಮ್ಯಾಲ ಫ್ರಿಜ್ ಅಂತ ಬರದಾರಲ್ಲವಾ.”

ಅರ್ಥ ಹೇಳಿದೆ, ಹೊಸದಾಗಿ ಕಲಿತ ಜಂಬದಲ್ಲಿ. ಅವರು ಒಂದು ಗಳಿಗೆ ಗಡ್ಡ ಕೆರೆದುಕೊಂಡರು. “ಖರೆ ಏನು? ಇರಲಿ ಬಿಡು, ಅಲ್ಲೇ ಇರಲಿ. ಥಂಡಾ ಇದ್ರ ಮಂದಿಗೆ ಭಾರಿ ಔಷಧ ಅನಸ್ತೈತಿ.” ಆ ಬಾಟಲಿಯ ಬಗ್ಗೆ ಇಡೀ ಜಿಲ್ಲೆಯಲ್ಲಿ ನಿಜ ಹೇಳಿದವರು ಅವರೊಬ್ಬರೇ.

ಕೆಲವು ದಿನಗಳ ಮೇಲೆ ಆ ಬಾಟಲಿಯ ಕಂಪನಿಯವನೊಬ್ಬ ಹುಬ್ಬಳ್ಳಿಯಿಂದ ಟೈ ಕಟ್ಟಿಕೊಂಡು, ಕ್ಯಾಮೆರಾ ನೇತುಹಾಕಿಕೊಂಡು ಪಾರ್ಲರಿಗೆ ಬಂದ. ಒಬ್ಬರ ತಲೆಗೆ ಪುಕ್ಕಟೆ ಹಚ್ಚಿ, ಮೊದಲೊಂದು ಆಮೇಲೊಂದು ಫೋಟೋ ತೆಗೆದು ಗಾಜಿನ ಬಾಗಿಲಿಗೆ ಹಾಕುವುದು ಅವನ ಕೆಲಸ. ಪಾರ್ಲರಿನಾಕೆ ನನಗೇ ಹೇಳಿಕಳಿಸಿದಳು. “ಈ ಜಿಲ್ಲೇಲಿ ಇದಕ್ಕಿಂತ ಒಳ್ಳೇ ತಲೆ ಸಿಗಲ್ಲ ಸರ್,” ಎಂದು ಅವನಿಗೆ ನನ್ನನ್ನು ತೋರಿಸಿದಳು. ಮೂರ್ಖಳು ನಾನು, ಅದನ್ನು ಹೊಗಳಿಕೆ ಎಂದುಕೊಂಡು ನಾಚಿದೆ.

ಹೆರಳು ಬಿಚ್ಚಿಸಿ, ಬೆನ್ನ ಕಡೆಯಿಂದ ಒಂದು ಫೋಟೋ ತೆಗೆದರು. ತಲೆ ತೊಳೆದರು, ತಣ್ಣಗಿನ ಅಂಟು ಏನನ್ನೋ ಹಚ್ಚಿದರು. ಇನ್ನು ಗಾಳಿ ಊದುವ ಯಂತ್ರ ಹಿಡಿಯಬೇಕು, ಅಷ್ಟರಲ್ಲಿ ಕರೆಂಟು ಹೋಯಿತು. ಅರ್ಧ ಗಂಟೆ ಕಾದೆವು. ಟೈ ಕಟ್ಟಿದವ ಗಡಿಯಾರ ನೋಡಿದ, ಬಸ್ಸಿನ ಹೊತ್ತು ಎಂದ, ಆಮೇಲೆ ನನ್ನ ಜೊತೆ ಬಂದು ಮೂಲೆಯಲ್ಲಿ ಕತ್ತು ಕೊಡವುತ್ತ ಕೂತಿದ್ದ ಮಾವನ ಮಗಳ ಕಡೆ ನೋಡಿದ.

“ಮೇಡಮ್, ನಿಮ್ಮ ವೇಲ್ ಸ್ವಲ್ಪ ಅವರಿಗೆ ಕೊಡ್ರಿ,” ಎಂದ ನನಗೆ.

ಗಿಣಿಹಸಿರು ಬಣ್ಣದ ವೇಲು. ಅವ್ವ ಲಕ್ಷ್ಮೇಶ್ವರದ ಸಂತೆಯಲ್ಲಿ ಕೊಡಿಸಿದ್ದು. ತೆಗೆದು ಕೊಟ್ಟೆ. ಅವಳು ಅದನ್ನು ಹೊದ್ದು ಬೆನ್ನು ತಿರುಗಿಸಿ ನಿಂತಳು, ಅವನು ಫೋಟೋ ತೆಗೆದ. ನನ್ನ ಒದ್ದೆ ತಲೆಯ ನೀರು ಬೆನ್ನಿಗೆ ಇಳಿಯುತ್ತಿತ್ತು. ಯಾರಿಗೂ ನಾಚಿಕೆಯಾಗಲಿಲ್ಲ, ನನಗೂ ಆಗಲಿಲ್ಲ.

ಹದಿನೈದು ದಿನದಲ್ಲಿ ಎರಡೂ ಫೋಟೋಗಳು ದೊಡ್ಡದಾಗಿ ಬಾಗಿಲಿಗೆ ಬಂದವು. ಒಂದರ ಕೆಳಗೆ ‘ಮೊದಲು’, ಇನ್ನೊಂದರ ಕೆಳಗೆ ‘ನಂತರ’. ಎರಡರಲ್ಲೂ ಅದೇ ಹಸಿರು ವೇಲು. ಕಾಲೇಜಿನಲ್ಲಿ ಹುಡುಗಿಯರು ಸುತ್ತುವರಿದರು.

“ಅದು ನಿಂದ ತಲಿ ಏನ?”

“ಹೂಂ.”

“ಮತ್ತ ದಿನಾ ಯಾಕ ಎಣ್ಣಿ ಹಚ್ಚಿ ಹೆರಳ ಹಾಕ್ಕೊಂಡ ಬರ್ತಿ?”

“ನಮ್ಮವ್ವ ಬೈತಾಳ.”

ನಲವತ್ತು ಕಿಲೋಮೀಟರ್ ಆಚೆ ಕೂತ ಅವ್ವನ ಮೇಲೆ ಹಾಕಿ ನುಣುಚಿಕೊಂಡೆ. ಆದರೆ ಸುಳ್ಳು ಎಷ್ಟು ದಿನ ನಡೆದೀತು? ಅದನ್ನು ನಿಜ ಮಾಡಲು ಹೊರಟೆ. ಚಾಚಾನ ಅಂಗಡಿಯಲ್ಲಿ ಗಂಟೆಗಟ್ಟಲೆ ನಿಂತು, ಹೊಳಪಿಗೆ ಯಾವುದು, ಕೆದರುವುದಕ್ಕೆ ಯಾವುದು, ಎರಡಕ್ಕೂ ಯಾವುದು ಎಂದು ಬಾಟಲಿ ತಿರುಗಿಸಿ ಮುರುಗಿಸಿ ಓದಿದೆ. ಒಂದರ ಚೀಟಿಯಲ್ಲಿ ಕನ್ನಡವೂ ಇತ್ತು: ‘ನಿಮ್ಮ ಕೂದಲಿನ ಬಂಡಾಯವನ್ನು ಪಳಗಿಸಿರಿ.’ ನನ್ನ ಕೂದಲು ಯಾರ ಮೇಲೂ ಬಂಡೆದ್ದಿರಲಿಲ್ಲ, ಅದು ಹುಟ್ಟಿದ್ದೇ ಹಾಗೆ. ಇಂಥ ಕನ್ನಡ ಬರೆದವನ ಕೈಗೆ ನನ್ನ ತಲೆ ಕೊಡಲು ನಾನು ಸಿದ್ಧಳಿದ್ದೆ. ಜೆಲ್ಲು ಹಚ್ಚಿದೆ, ಕೂದಲು ಗಂಜಿ ಹಾಕಿದ ಧೋತರದಂತೆ ಬಿರುಸಾಯಿತು, ಮಧ್ಯಾಹ್ನದ ಹೊತ್ತಿಗೆ ಬಿಳಿ ಪುಡಿ ಉದುರಿತು. ಸೀರಮ್ಮು ಹಚ್ಚಿದೆ, ಭಜಿ ಕಟ್ಟಿಕೊಟ್ಟ ಪೇಪರಿನ ಹಾಗೆ ಹೊಳೆಯಿತು. ಹೊಳಪು ಬಂತಲ್ಲ ಎಂದು ಖುಷಿಪಡುವಷ್ಟರಲ್ಲಿ ಅದೇ ಹೊಳಪಿನ ಸಮೇತ ಕೆದರಿ ನಿಂತಿತು. ಕ್ರೀಮಿನ ಕಥೆ ಬೇಡ. ಮಾವನ ಮನೆಯ ತಲೆದಿಂಬು ಇವತ್ತಿಗೂ ನನ್ನನ್ನು ಕ್ಷಮಿಸಿರಲಿಕ್ಕಿಲ್ಲ. ಪ್ರತಿ ಸಲವೂ ತಪ್ಪು ಬಾಟಲಿಯದಲ್ಲ, ನನ್ನ ತಲೆಯದು ಎಂದೇ ತಿಳಿದು ಮುಂದಿನ ಬಾಟಲಿಗೆ ಹೋಗುತ್ತಿದ್ದೆ.

ಹೀಗಿರುವಾಗ ಅವ್ವ ತಮ್ಮನ ಮನೆಗೆಂದು ಬೆಟಗೇರಿಗೆ ಬಂದಳು. ಅತ್ತೆಯ ಬಾಯಿ ಸುಮ್ಮನಿರಲಿಲ್ಲ: “ನಿಮ್ಮ ಮಗಳ ಫೋಟೋ ಪ್ಯಾಟ್ಯಾಗ ಹಾಕ್ಯಾರ, ನೋಡೀರೇನು?” ಅವ್ವನ ಮುಖ ಅರಳಿತು. ಊರಿಗೆ ಮರಳುವ ದಿನ ಬಸ್‌ಸ್ಟ್ಯಾಂಡಿಗೆ ಹೋಗುವ ಮೊದಲು ಅದನ್ನು ನೋಡಲೇಬೇಕು ಎಂದು ಹಟ ಹಿಡಿದಳು. ಬೇಡವೆಂದು ನೂರು ನೆಪ ಹೇಳಿದೆ. ಕೇಳಲಿಲ್ಲ.

ಗಾಜಿನ ಬಾಗಿಲ ಮುಂದೆ ನಿಂತು ಅವಳು ‘ನಂತರ’ವನ್ನು ಬಹಳ ಹೊತ್ತು ನೋಡಿದಳು.

“ಇದ ಯಾರು?”

“ನಾನ ಬೇ.”

“ನೀ ಅಲ್ಲ. ಇಕಿಗೆ ಒಂದ ಸುಳಿ ಐತಿ.”

ಅಷ್ಟರಲ್ಲಿ ಪಾರ್ಲರಿನಾಕೆ ಹೊರಗೆ ಬಂದಳು. ಮೂಗು ಅದಾಗಲೇ ಮೇಲಿತ್ತು. “ನಿಮ್ಮ ಮಗಳೇ ಅಮ್ಮ ಅದು. ನಮ್ಮ ಟ್ರೀಟ್‌ಮೆಂಟ್ ಆದ್ಮೇಲೆ ಹಾಗಾಗಿದೆ.”

“ಬಾಯಾರ, ಏನರ ಹಚ್ಚಿದ್ರ ಕೂದಲಾ ಬದಲಾದಾವು. ಸುಳಿ ಹ್ಯಾಂಗ ಬದಲಾಗತೈತರಿ?”

“ಸುಳಿಯೆಲ್ಲ ಯಾರಮ್ಮ ನೋಡ್ತಾರೆ?”

“ನಾ ನೋಡೀನಲ್ಲರಿ. ದಿನಾ ಹಿಕ್ಕೀನಿ ಅಕಿ ತಲಿ,” ಎಂದಳು ಅವ್ವ. ಆಮೇಲೆ ಆ ರಸ್ತೆಯ ಮೇಲೆ, ಹಾಡಹಗಲು, ನಾನು ಎಂದೂ ಕಂಡಿರದ ಒಂದು ಕೆಲಸ ಮಾಡಿದಳು. ಸೆರಗನ್ನು ಹೆಗಲಿಗೆ ಜಾರಿಸಿ, ಆ ಹೆಂಗಸಿಗೆ ಬೆನ್ನು ಮಾಡಿ ನಿಂತು, ಬೆರಳಿನಿಂದ ನೆತ್ತಿ ತೋರಿಸಿದಳು. “ನೋಡ್ರಿ. ಎರಡ ಸುಳಿ. ಇದು ನಮ್ಮ ತಲಿ. ಅಕಿದೂ ಇಂಥಾದ್ದ.”

ಅವಳ ದನಿಯಲ್ಲಿ ನಾಚಿಕೆ ಇರಲಿಲ್ಲ. ಹೆಮ್ಮೆ ಇತ್ತು ಎಂದು ಈಗ ಅನಿಸುತ್ತದೆ. ಅಂಚಿನಲ್ಲಿ ನರೆತ ಕೂದಲು ಗಾಳಿಗೆ ಎದ್ದು ನಿಂತಿತ್ತು. ಪಕ್ಕದ ‘ಮೊದಲು’ ಫೋಟೋಗೂ ಅದಕ್ಕೂ ಏನೇನೂ ಫರಕಿರಲಿಲ್ಲ. ಅದೇ ಹೊತ್ತಿಗೆ ನನ್ನ ಕ್ಲಾಸಿನ ಇಬ್ಬರು ಹುಡುಗಿಯರು ಪಾರ್ಲರಿನಿಂದ ಹೊರಬಿದ್ದರು. ಒಬ್ಬಳು ಅವ್ವನ ತಲೆ ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

“ಸೆರಗ ಹೊದ್ಕೋ ಬೇ! ಮಂದಿ ನೋಡಾಕತ್ತಾರ,” ಎಂದು ನಾನು ಹಲ್ಲು ಕಚ್ಚಿ ಗದರಿದೆ.

ಅವ್ವ ತಿರುಗಿ ನನ್ನ ಮುಖ ನೋಡಿದಳು. ಸೆರಗು ಎಳೆದು ಹೊದ್ದುಕೊಂಡಳು. ಪಾರ್ಲರಿನಾಕೆ ಸಣ್ಣಗೆ ನಕ್ಕು ಒಳಗೆ ಹೋದಳು. ಆ ಹೆಂಗಸನ್ನು, ಅವಳ ಮೂಗನ್ನು, ಅವಳ ಬಾಟಲಿಗಳನ್ನು ನಾನು ಇಷ್ಟು ವರ್ಷ ಬಾಯಿಗೆ ಬಂದಂತೆ ಹೀಗಳೆದಿದ್ದೇನೆ. ಆದರೆ ಅವ್ವನ ತಲೆ ಮುಚ್ಚಿಸಿದವಳು ಅವಳಲ್ಲ.

ಅವ್ವ ಚೀಲ ಹಿಡಿದು ಮುಂದೆ, ನಾನು ಹಿಂದೆ, ಬಸ್‌ಸ್ಟ್ಯಾಂಡಿಗೆ ನಡೆದೆವು. ಲಕ್ಷ್ಮೇಶ್ವರದ ಬಸ್ಸು ಇನ್ನೂ ಬಂದಿರಲಿಲ್ಲ. ಕಲ್ಲಿನ ಕಟ್ಟೆಯ ಮೇಲೆ ಚೀಲ ಇಟ್ಟು ಅವ್ವ ಸಾವಕಾಶ ಅಂದಳು:

“ಇಷ್ಟ ವರ್ಷ ಹಿರ್ಯಾರ ಮರ್ಯಾದಿಗೆ ಸೆರಗ ಹೊದ್ಕೊಂಡೀನಿ ಅಂತ ತಿಳಿದಿದ್ದೆವಾ. ಕೂದಲಾ ಮುಚ್ಚಾಕ ಅಂತ ಇವತ್ತ ತಿಳೀತು.”

ಅಷ್ಟರಲ್ಲಿ ಬಸ್ಸು ಬಂತು. ಅವಳು ಹತ್ತಿ ಕಿಟಕಿಯ ಪಕ್ಕ ಕೂತಳು. ಗಾಳಿಗೆ ಸರಿಯದಂತೆ ಸೆರಗಿನ ಅಂಚನ್ನು ಹಲ್ಲಲ್ಲಿ ಕಚ್ಚಿಕೊಂಡಿದ್ದಳು.

ಮುಂದಿನ ಸಲ ಊರಿಗೆ ಹೋದಾಗ, ಯಾರೂ ಹೇಳದೆ, ಎಣ್ಣೆಯ ಬಟ್ಟಲು ಮತ್ತು ಹಣಿಗೆ ತಂದು ಅವಳ ಮೊಣಕಾಲ ಹತ್ತಿರ ಕೂತು ಹೆರಳು ಬಿಚ್ಚಿದೆ. ಅವ್ವ ಹಣಿಗೆಯನ್ನು ತೆಗೆದುಕೊಂಡಳು, ಒಂದು ಕ್ಷಣ ಹಿಡಿದಳು, ತಿರುಗಿ ನನ್ನ ಕೈಗೇ ಕೊಟ್ಟಳು.

“ನೀನ ಹಿಕ್ಕೋವಾ,” ಎಂದಳು. “ಫೋಟೋದಾಗಿನಾಕಿ ನಾನ ಅಂದಿಯಲ್ಲ. ನನಗ ಎರಡ ಸುಳಿ ತಲಿ ಅಷ್ಟ ಗೊತ್ತು.”