ಮುನೇಶನ ಮೂರನೆಯ ಮುಖ

ಒಂದು ವಾರದಿಂದ ಮುನೇಶನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಆರ್.ಟಿ. ನಗರದ ಬಟ್ಟೆ ಅಂಗಡಿಯಲ್ಲಿ ಗಿರಾಕಿ ಪ್ಯಾಂಟು ಕೇಳಿದರೆ ಅಂಗಿ ಹರಡುತ್ತಿದ್ದ. ಕೋಗಿಲು ಊರಿನ ಮನೆಗೆ ಬಂದರೆ ಬೀರುವಿನ ಕನ್ನಡಿ ಬಿಟ್ಟು ಕದಲುತ್ತಿರಲಿಲ್ಲ. ಕೋಪ, ದುಃಖ, ಪ್ರೀತಿ ಎಂದು ಒಂದೊಂದೇ ಮುಖ ಮಾಡಿ ತೋರಿಸಿದರೆ ಹೆಂಡತಿ ವನಿತಾ, “ಮೂರಕ್ಕೂ ಹೊಟ್ಟೆನೋವು ಬಂದಂಗೆ ಕಾಣ್ತೀರ ಕಣ್ರೀ” ಎಂದು ಒಗ್ಗರಣೆ ಹಾಕಲು ಎದ್ದು ಹೋಗುತ್ತಿದ್ದಳು.

ನಲವತ್ತರ ಹೊಸ್ತಿಲಲ್ಲಿ ನಟನಾಗುವ ಹುಚ್ಚು ಹಿಡಿದರೆ ಹೀಗೇ. ಧಾರಾವಾಹಿಗಳಿಗೆ ಕಲಾವಿದರನ್ನು ಹೊಂದಿಸಿಕೊಡುವ ರಘುನಾಥ್ ಅಂಗಿ ಕೊಳ್ಳಲು ಬಂದವನು, ಇವನ ಎತ್ತರ, ದನಿ ಮೆಚ್ಚಿ ಅವಕಾಶ ಕೇಳುವಾಗ ತೋರಿಸಲು ಫೋಟೋಗಳ ಪೋರ್ಟ್‌ಫೋಲಿಯೊ ಮಾಡಿಸು ಎಂದಿದ್ದ. ಅದರಲ್ಲಿ ಮೂರು ಮುಖ ಬೇಕು: ಗಡ್ಡದ್ದು, ಬರೀ ಮೀಸೆಯದ್ದು, ಎರಡೂ ಇಲ್ಲದ್ದು.

“ಕೊನೇದು ಇಲ್ದಿದ್ರೆ ಜೀವನಪೂರ್ತಿ ರೌಡಿ ಹಿಂದೆ ನಿಂತ್ಕೊಳ್ಳೋ ಪಾತ್ರಾನೇ ಗುರು. ಡಾಕ್ಟ್ರು, ಮ್ಯಾನೇಜರ್ ಆಗ್ಬೇಕು ಅಂದ್ರೆ ಮೀಸೆ ಹೋಗ್ಬೇಕು,” ಎಂದಿದ್ದ ರಘುನಾಥ್.

ಫಜೀತಿ ಶುರುವಾದದ್ದೇ ಅಲ್ಲಿ. ಅಪ್ಪ ಬದುಕಿರುವಾಗ ಮಗ ಮೀಸೆ ಬೋಳಿಸುವುದು ಅವರ ಮನೆತನದಲ್ಲಿಲ್ಲ. ಅಪ್ಪ ಹೋದ ದಿನ ತಲೆಗೂದಲಿನ ಜೊತೆ ಅದೂ ಹೋಗುತ್ತದೆ. ಬೋಳು ಮೂತಿಯವನು ಎದುರಾದರೆ ಕೋಗಿಲಿನ ಹಳೆಯ ಜನ ಈಗಲೂ ಮೊದಲು ಕೇಳುವುದು, ಯಾವಾಗ ತೀರಿಕೊಂಡರು ಎಂದೇ. ಮುನೇಶನ ಅಪ್ಪ ವೆಂಕಟೇಶಪ್ಪ ಎದೆನೋವೆಂದು ಆಸ್ಪತ್ರೆ ಸೇರಿ, ಹೋದ ತಿಂಗಳಷ್ಟೇ ಮನೆಗೆ ಬಂದಿದ್ದರು. ಅವರ ಮುಂದೆ ಆ ಮುಖ ಹೊತ್ತು ನಿಲ್ಲುವುದು ಹೇಗೆ?

ಕ್ಷೌರದ ಬಾಲರಾಜನ ಕಿವಿಯಲ್ಲಿ ಫೋಟೋದ ವಿಷಯ ಪಿಸುಗುಟ್ಟಿ ನೋಡಿದ. ಬಾಲರಾಜ ಕತ್ತರಿ ಕೆಳಗಿಟ್ಟ. “ನಿಮ್ಮಪ್ಪ ಗುಂಡುಕಲ್ಲಂಗೆ ಕೂತವ್ರೆ. ನಿನ್ ಮೀಸೆಗೆ ನಾನ್ ಕತ್ತಿ ಇಡಾಕಿಲ್ಲ.”

ಮೀಸೆಯನ್ನು ಕಂಪ್ಯೂಟರಿನಲ್ಲಿ ಅಳಿಸಬಹುದೇ ಎಂದು ಫೋಟೋ ತೆಗೆಯುವ ರುಮಾನಾಳಿಗೆ ಫೋನು ಮಾಡಿದ. “ತುಟಿ ಮೇಲೆ ರಬ್ಬರ್ ಉಜ್ಜಿದಂಗೆ ಕಾಣತ್ತೆ ಸರ್” ಎಂದು ಅವಳೂ ಕೈಚೆಲ್ಲಿದಳು.

ಫೋಟೋ ತೆಗೆಸುವ ದಿನ ಬೆಳಿಗ್ಗೆ ಅಂಗಿಗಳನ್ನು ಚೀಲಕ್ಕೆ ತುಂಬಿದ, ತೆಗೆದ, ಮತ್ತೆ ಇಸ್ತ್ರಿ ಮಾಡಿ ತುಂಬಿದ. ಜಗಲಿಯಲ್ಲಿ ಕೂತಿದ್ದ ಅಪ್ಪ ಎಲ್ಲಿಗೆ ಎಂದಾಗ ಅಂಗಡಿಗೆ ಎಂದ. ಇಷ್ಟು ದೊಡ್ಡ ಗಂಡಸು, ಶಾಲೆ ತಪ್ಪಿಸುವ ಹುಡುಗನಂತೆ ತಲೆ ತಗ್ಗಿಸಿ ಬಸ್ಸು ಹತ್ತಿದ.

ಬ್ಯಾಟರಾಯನಪುರದ ಸ್ಟುಡಿಯೊದಲ್ಲಿ ಗಡ್ಡದ ಫೋಟೋ ಆಯಿತು, ಮೀಸೆಯದ್ದೂ ಆಯಿತು. ಬಚ್ಚಲಿನ ಕನ್ನಡಿ ಮುಂದೆ ನೊರೆ ಹಚ್ಚಿ, ಕಣ್ಣುಮುಚ್ಚಿ ರೇಜರ್ ಎಳೆದೇಬಿಟ್ಟ. ಅರ್ಧ ಮೀಸೆ ಹೋಯಿತು. ಅಲ್ಲಿಗೇ ನಿಲ್ಲಿಸಿ, ಒದ್ದೆ ಕೈಯಲ್ಲೇ ವನಿತಾಳಿಗೆ ಫೋನು ಮಾಡಿದ.

“ಅಪ್ಪ ಹೆಂಗವ್ರೆ?”

“ಮಲ್ಗವ್ರೆ.”

“ಉಸಿರಾಡ್ತಾವ್ರಾ, ಹೋಗಿ ನೋಡು.”

“ಗೊರಕೆ ಬೀದಿಗೆ ಕೇಳ್ತೈತೆ. ನಿಮ್ಗೇನಾಯ್ತು?”

ಉಳಿದರ್ಧವನ್ನೂ ತೆಗೆದು ಕ್ಯಾಮೆರಾ ಮುಂದೆ ಕೂತ. ರುಮಾನಾ ಎಷ್ಟು ಹೇಳಿದರೂ ನಗು ಬರಲಿಲ್ಲ.

ಸಂಜೆ ಮಾಸ್ಕ್ ಹಾಕಿಕೊಂಡು ಮನೆಗೆ ಬಂದ. ಅಪ್ಪ ಜಗಲಿಯಲ್ಲೇ ಇದ್ದರು.

“ಅದನ್ನ ತೆಗಿ.”

“ಕೆಮ್ಮು ಅಪ್ಪ...”

“ಬಾಲರಾಜ ಅವತ್ತೇ ಎಲ್ಲಾ ಯೋಳ್ದ. ತೆಗಿಯೋ.”

ತೆಗೆದ. ಒಂದು ಏಟು ಬಿದ್ದರೆ ಸಾಕು, ಎಲ್ಲ ಮುಗಿಯುತ್ತದೆ ಎಂದು ಕಾದ. ಅಪ್ಪ ಅವನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದರು. ಬಹಳ ಹೊತ್ತು ನೋಡಿದರು.

“ನಾನ್ ಹೋದ್ ದಿನ ನೀನ್ ಇಂಗಿರ್ತೀಯ,” ಎಂದರು. “ಅದನ್ನ ಯಾವಪ್ಪನೂ ನೋಡಕಾಗಲ್ಲ. ನಾನ್ ನೋಡ್ದೆ.”

ಮುನೇಶ ಅಲ್ಲೇ ಮೆಟ್ಟಿಲ ಮೇಲೆ ಅಪ್ಪನ ಪಕ್ಕ ಕೂತ.

“ಫೋಟೋ ಬಂದ್ಮ್ಯಾಕೆ ನನ್ಗೂ ಒಂದ್ ಕೊಡು,” ಎಂದರು ಅಪ್ಪ. “ಈ ಮುಕದ್ದೇ ಕೊಡು.”